ಅಂಧರ ಕ್ರಿಕೆಟ್: ಭಾರತ ತಂಡ

ಬೆಂಗಳೂರಿನಲ್ಲಿ ನೆಲೆಗೊಂಡಿರುವ, 1997ರಲ್ಲಿ ಸ್ಥಾಪಿತವಾದ, ಅಂಗವಿಕಲರಿಗಾಗಿ ದುಡಿಯುವ ಸಮರ್ಥನಂ ಸಂಸ್ಥೆಯ ಪೋಷಣೆಯಲ್ಲಿ ಏಳಿಗೆಗೆ ಬಂದ ರಾಷ್ಟ್ರೀಯ ತಂಡ. ಈ ಆಟದಲ್ಲಿ ಪ್ರತಿ ತಂಡದ ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣಾಂಧರಾಗಿರತಕ್ಕದ್ದು. ಅವರ ಓಟಗಳು ಇಮ್ಮಡಿಯಾಗಿ ಗಣಿಸಲ್ಪಡುತ್ತವೆ. ಒಳಗೆ ಲೋಹದ ಗುಂಡುಗಳನ್ನಡಕಿದ ಪ್ಲಾಸ್ಟಿಕ್ ಚೆಂಡು, ಕೈಯನ್ನು ಕೆಳಗಿನಿಂದ ಬೀಸಿ ಎಸೆಯಲ್ಪಟ್ಟು, ನೆಲವನ್ನು ತಾಕುತ್ತ ಗಲಗಲನೆ ಉರುಳಿ ಬರುವಾಗ ಆ ನಾದವೊಂದನ್ನೇ ಅನುಸರಿಸಿ ದಾಂಡನ್ನು ಬೀಸುವುದು ಅಸಾಧಾರಣ ಏಕಾಗ್ರತೆಯನ್ನು ಬೇಡುವ ವಿದ್ಯೆ. ಕಣ್ಣುಳ್ಳವರ ಆಟಕ್ಕಿಂತ ಇದನ್ನು ಕಿರಿದೆಂದು ಭಾವಿಸುವುದು ಅನ್ಯಾಯವೇ ಸರಿ.

2002 ಮತ್ತು 2006ರ ವಿಶ್ವಕಪ್‌ಗಳನ್ನು ಗೆದ್ದು ದುರ್ಜಯವೆನಿಸಿದ್ದ ಪಾಕಿಸ್ತಾನವನ್ನು, 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಜರುಗಿದ ಪ್ರಥಮ ಟಿ-20 ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ, ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕರ ನಾಯಕತ್ವದಲ್ಲಿ 29 ಓಟಗಳಿಂದ ಮಣಿಸಿದುದು ಈ ತಂಡದ ಚರಿತ್ರೆಯ ಸಂಧಿಕಾಲ. 2014ರಲ್ಲಿ ಕೇಪ್‌ಟೌನಿನಲ್ಲಿ ಏಕದಿನ ವಿಶ್ವಕಪ್ ಕೈಸೇರಿತು. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಟಿ-20 ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು 9 ವಿಕೆಟ್‌ಗಳಿಂದ ಸೋಲಿಸಿದಾಗ ಕನ್ನಡಿಗ ಪ್ರಕಾಶ್ ಜಯರಾಮಯ್ಯ ಅಜೇಯ 99 ಓಟಗಳನ್ನು ಗಳಿಸಿದ್ದರು. ಶೇಖರ್ ನಾಯ್ಕರಿಗೆ ಆ ವರ್ಷವೇ ಪದ್ಮಶ್ರೀ ಸಂದಿತು. ಕರ್ನಾಟಕದ ಟಿ.ಸಿ. ದೀಪಿಕಾ ಅವರ ಮುಂದಾಳುತನದ ಮಹಿಳಾ ತಂಡವು 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ನೇಪಾಳವನ್ನು ಸೋಲಿಸಿ, ಅಂಧ ಮಹಿಳೆಯರ ಮೊತ್ತಮೊದಲ ಟಿ-20 ವಿಶ್ವಕಪ್ಪನ್ನು ತನ್ನದಾಗಿಸಿಕೊಂಡಿತು.