ಕಂಪನಿ ನಡೆಸಿದ ಸೆರೆಮನೆ

ಪೋರೂರಿನಿಂದ ಪಶ್ಚಿಮಕ್ಕೆ ಹೊರಟು ಪೂನಮಲ್ಲಿ ದಾಟಿದಿರಿ ಅಂದರೆ ಬೆಂಗಳೂರಿನ ದಾರಿ ಹಿಡಿದಿರಿ ಅಂತಲೇ ಲೆಕ್ಕ. ಚೆನ್ನೈಯ ಕನ್ನಡಿಗರಿಗೆ ಇದು ಊರಿನ ರಸ್ತೆ. ನಡುವೆ ವೆಲ್ಲೂರು ಸಿಗುತ್ತದೆ. ಖಾಸಗಿ ಕಂಪನಿಗಳು ಜನರನ್ನು ಕೂಡಿಹಾಕುವ ಕೆಲಸ ವಹಿಸಿಕೊಳ್ಳುವುದು ಅಮೆರಿಕದ ಹೊಸ ರೋಗ ಎಂದು ನೀವು ಓದಿರಬಹುದು. ವೆಲ್ಲೂರಿನ ಕೋಟೆಯ ಕತೆ ಬೇರೆಯೇ ಹೇಳುತ್ತದೆ.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಅರ್ಧ ರಾಜ್ಯದ ಜೊತೆ 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಬೇಕಾಯಿತು. ಮಾತಿಗೆ ಒತ್ತೆಯಾಗಿ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಎಳೆಯ ಮಕ್ಕಳನ್ನು ಮದರಾಸಿಗೆ ಒಯ್ದರು. ಅವರು ದೇವನಹಳ್ಳಿಯಲ್ಲಿ ತಂದೆಯ ಕೈಗೆ ಮರಳಿದ್ದು 1794ರಲ್ಲಿ. ಒತ್ತೆ ಇಡುವುದು ಆ ಕಾಲದ ರಾಜರಲ್ಲಿ ಇದ್ದದ್ದೇ, ಬಿಡಿ. ಆದರೆ ಇಲ್ಲಿ ಒತ್ತೆ ಹಿಡಿದದ್ದು ರಾಜನಲ್ಲ. ಲಂಡನ್ನಿನ ಷೇರುದಾರರಿಗೆ ಲಾಭಾಂಶ ಹಂಚುತ್ತಿದ್ದ ವ್ಯಾಪಾರಿ ಕಂಪನಿ.

1799ರ ಮೇ 4ರಂದು ಸುಲ್ತಾನರು ಹುತಾತ್ಮರಾದ ಮೇಲೆ ಅವರ ಕುಟುಂಬವನ್ನು ವೆಲ್ಲೂರು ಕೋಟೆಗೆ ಸಾಗಿಸಲಾಯಿತು. ಅದೇ ವರ್ಷದ ಮೈಸೂರು ವಿಭಜನೆಯ ಒಪ್ಪಂದವನ್ನು ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಹೈದರ್ ಮತ್ತು ಟಿಪ್ಪು ಕುಟುಂಬಗಳ ಖರ್ಚಿಗೆಂದು ವರ್ಷಕ್ಕೆ 2 ಲಕ್ಷ ಪಗೋಡ ತೆಗೆದಿಡಲಾಯಿತು. ಎಲ್ಲಿಂದ? ಮೈಸೂರಿನಿಂದ ಕಂಪನಿ ಕಿತ್ತುಕೊಂಡ ನೆಲದ ಕಂದಾಯದಿಂದಲೇ. ಕುಟುಂಬದವರು ಹಗೆತನ ತೋರಿದರೆ ಆ ಹಣ ನಿಲ್ಲಿಸುವ ಹಕ್ಕನ್ನೂ ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಹಗೆತನ ಯಾವುದು ಅಂತ ತೀರ್ಮಾನಿಸುವವರು ಯಾರು? ಅದೂ ಕಂಪನಿಯೇ!

1806ರ ಜುಲೈ 10ರಂದು ಸಿಪಾಯಿಗಳು ಬಂಡೆದ್ದರು. ಹೊಸ ಟೋಪಿ, ಗಡ್ಡ ಮತ್ತು ಹಣೆಯ ನಾಮದ ಮೇಲಿನ ನಿರ್ಬಂಧ ಅವರನ್ನು ಕೆರಳಿಸಿತ್ತು. ಕಂಪನಿ ತನ್ನ ಗವರ್ನರ್ ಬೆಂಟಿಂಕ್‌ನನ್ನೂ ಸೇನಾಪತಿ ಕ್ರಾಡಕ್‌ನನ್ನೂ ವಾಪಸು ಕರೆಸಿಕೊಂಡಿತು. ಅದು ಕಂಪನಿಯ ಮನೆಯೊಳಗಿನ ಲೆಕ್ಕಾಚಾರ. ಸುಲ್ತಾನರ ಮಕ್ಕಳನ್ನು ಇನ್ನೂ ದೂರದ ಕಲ್ಕತ್ತೆಗೆ ಸಾಗಿಸಿದರು. 

ಈಗ ಅಮೆರಿಕಕ್ಕೆ ಬನ್ನಿ. 2014ರಲ್ಲಿ ಟೆಕ್ಸಾಸಿನ ಡಿಲ್ಲಿ ಎಂಬಲ್ಲಿ ವಲಸೆ ಬಂದ ತಾಯಿ-ಮಕ್ಕಳಿಗಾಗಿ 2,400 ಜನರ ಬಂಧನ ಕೇಂದ್ರ ಶುರುವಾಯಿತು. ನಡೆಸಿದ್ದು ಖಾಸಗಿ ಕಂಪನಿ. ಆದರೆ ನಡುವೆ ಸಹಿ ಹಾಕಿದ ಸ್ಥಳೀಯ ಸಂಸ್ಥೆ ಯಾವುದು ಗೊತ್ತೇ? ಸಾವಿರ ಕಿಲೋಮೀಟರಿಗೂ ಆಚೆ, ಅರಿಜೋನಾದಲ್ಲಿರುವ ಎಲಾಯ್ ಎಂಬ ಪುಟ್ಟ ಪಟ್ಟಣ! ಮಗುವಿಗೆ ಜ್ವರ ಬಂದರೆ ತಾಯಿ ಯಾರನ್ನು ಕೇಳಬೇಕು? ಪಟ್ಟಣ ಕಂಪನಿಯ ಕಡೆ ಕೈ ತೋರಿಸಬಹುದು, ಕಂಪನಿ ಕೇಂದ್ರ ಸರ್ಕಾರದ ಕಡೆ.

ನಮ್ಮಲ್ಲಿ ಸೆರೆಮನೆ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಹಾಗಂತ ಎಲ್ಲ ಸರಿಯಿದೆ ಎಂದಲ್ಲ. ವೆಲ್ಲೂರು ಕೋಟೆಯ ಟಿಪ್ಪು ಮಹಲ್ 1990ರ ದಶಕದಲ್ಲಿ ಶ್ರೀಲಂಕಾದ ತಮಿಳರ 'ವಿಶೇಷ ಶಿಬಿರ'ವಾಯಿತು. 1995ರಲ್ಲಿ 43 ಮಂದಿ ಸುರಂಗ ತೋಡಿ ಪಾರಾದರು. ಪೋರೂರಿನ ನೆರೆಯ ಪೂನಮಲ್ಲಿಯಲ್ಲೂ ಅಂಥ ಶಿಬಿರವಿತ್ತು. 2020ರಲ್ಲಿ ತಬ್ಲೀಗ್‌ಗೆ ಬಂದಿದ್ದ ವಿದೇಶಿಯರನ್ನು ಚೆನ್ನೈಯ ಪುಳಲ್ ಜೈಲಿನ ಆವರಣದಲ್ಲಿ ಇಟ್ಟಾಗ ಅವರು ಹೈಕೋರ್ಟಿಗೆ ಹೋದರು. ಇಟ್ಟವರು ಯಾರು ಎಂಬ ಗೊಂದಲ ಅಲ್ಲಿ ಇರಲಿಲ್ಲ. ಸರ್ಕಾರವೇ ನಿಂತು ಉತ್ತರ ಕೊಡಬೇಕಾಯಿತು. ಆ ಜೂನ್‌ನಲ್ಲಿ ಮದುರೈ ಪೀಠ, ಇವರು ಈಗಾಗಲೇ ಸಾಕಷ್ಟು ಅನುಭವಿಸಿದ್ದಾರೆ ಎಂದು ಮೊಕದ್ದಮೆಗಳನ್ನು ರದ್ದುಪಡಿಸಿತು.