ಮನೆಯಂಥ ಗಾಡಿ ತಗೊಳ್ಳೋ ಮುಂಚೆ: ಹಾಸಿಗೆ ಅಲ್ಲ, ಕಾಗದ, ತೂಕ, ಗಾಳಿ ನೋಡ್ರಿ

ಚಿಕ್ಕೋಡಿ: ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ನೋಡಿದವರಿಗೆ ಗೊತ್ತು. ಮಹಾರಾಷ್ಟ್ರದ ಕಡೆಯಿಂದ ಬರುವ ಚಕ್ಕಡಿಗಳಲ್ಲಿ ಒಂದು ಪೂರಾ ಸಂಸಾರವೇ ಇರುತ್ತದೆ. ಹಾಸಿಗೆ, ಪಾತ್ರೆ, ಹಿಟ್ಟು, ನೀರಿನ ಕೊಡ, ಎತ್ತಿಗೆ ಮೇವು. ಎಲ್ಲಿ ರಾತ್ರಿ ಆಯ್ತೋ ಅಲ್ಲೇ ಬಿಡಾರ.

ಈಗ ಅದೇ ಆಸೆ ಎಂಜಿನ್ ಗಾಡಿಗೆ ಬಂದಿದೆ. ಟೆಂಪೋ ಟ್ರಾವೆಲರ್ ಒಳಗೆ ಮಂಚ, ಒಲೆ, ಫ್ರಿಜ್, ಸಣ್ಣ ಸಂಡಾಸ ಕೂಡಿಸಿದ ಗಾಡಿಗಳ ವಿಡಿಯೋ ಎಲ್ಲರ ಮೊಬೈಲ್‌ನಲ್ಲೂ ಅದಾವ. ಇಂಥ ಗಾಡಿಗೆ ಕ್ಯಾರವಾನ್, ಕ್ಯಾಂಪರ್ ವ್ಯಾನ್, ಮೋಟರ್‌ಹೋಮ್ ಅಂತ ಹೆಸರು. ನಿಪ್ಪಾಣಿ, ಅಥಣಿ ಕಡೆಯ ಅಂಗಡಿಕಾರರು ಕೇಳೋದು ಒಂದೇ: "ಹಳೇ ಟ್ರಾವೆಲರ್ ತಗೊಂಡು ಒಳಗ ಮನೆ ಮಾಡಿಸಿದ್ರ ನಡೀತದೇನ್ರಿ? ಪಂಢರಪುರ, ತುಳಜಾಪುರ, ಗೋವಾ ಎಲ್ಲಾ ಮನೆಮಂದಿ ಕೂಡಿ ಹೋಗಬಹುದಲ್ಲ?"

ನಡೀತದ. ಆದರೆ ಮಂಚ, ಟಿವಿ ನೋಡಿ ಗಾಡಿ ತಗೊಂಡವರು ಆಮೇಲೆ ಪೇಚಾಡುತ್ತಾರೆ. ನೋಡಬೇಕಾದದ್ದು ಕಾಗದ, ತೂಕ, ಗಾಳಿ. ಒಳಗೆ ಮಲಗಿದ ಮನೆಮಂದಿ ಬೆಳಿಗ್ಗೆ ಕ್ಷೇಮವಾಗಿ ಏಳೋದು ಈ ಮೂರರ ಮೇಲೆ ನಿಂತಿದೆ.

1. ಮೊದಲು ಲೆಕ್ಕ: ವರ್ಷಕ್ಕೆ ಎಷ್ಟು ದಿನ?

ಅಂಗಡಿ ಇದ್ದವರು ವರ್ಷದಲ್ಲಿ ಎಷ್ಟು ದಿನ ಬಾಗಿಲು ಹಾಕ್ತೀರಿ? ಹೆಚ್ಚಂದ್ರೆ 15-20 ದಿನ. ಉಳಿದ 345 ದಿನ ಗಾಡಿ ನಿಂತೇ ಇರುತ್ತದೆ. ನಿಂತ ಗಾಡಿಯೂ ಖರ್ಚು ಕೇಳ್ತದ. ಬ್ಯಾಟರಿ ಇಳಿಯುತ್ತದೆ, ಟಯರ್ ಒಂದೇ ಕಡೆ ಕೂತು ಚಪ್ಪಟೆ ಆಗುತ್ತದೆ, ಕಬ್ಬಿನ ಹೊಲದ ಬಾಜು ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತವೆ.

ಒಂದು ಹಾಳೆ ಮೇಲೆ ವರ್ಷದ ಕಂತು, ವಿಮೆ, ತೆರಿಗೆ, ಸರ್ವಿಸ್, ನಿಲ್ಲಿಸೋ ಜಾಗದ ಬಾಡಿಗೆ ಬರೀರಿ. ಒಟ್ಟು ಮೊತ್ತವನ್ನು ನೀವು ತಿರುಗಾಡೋ ದಿನಗಳಿಂದ ಭಾಗಿಸ್ರಿ. ಬಂದ ಅಂಕಿ ಒಂದು ದಿನದ ಖರ್ಚು, ಡೀಸೆಲ್ ಬ್ಯಾರೆ. ಅದನ್ನು ಬಾಡಿಗೆ ಟ್ರಾವೆಲರ್ ಮತ್ತು ಲಾಡ್ಜ್ ಖರ್ಚಿನ ಜೊತೆ ಹೋಲಿಸ್ರಿ. ಬಹಳಷ್ಟು ಮಂದಿಗೆ ಬಾಡಿಗೆಯೇ ಸೋವಿ ಬೀಳುತ್ತದೆ. ತಗೊಳ್ಳಲೇಬೇಕು ಅನ್ನುವವರೂ ಮೊದಲು ಇಂಥ ಗಾಡಿ ಬಾಡಿಗೆಗೆ ತಗೊಂಡು ಎರಡು ರಾತ್ರಿ ಮಲಗಿ ನೋಡ್ರಿ. ಮನೆಯ ಹಿರಿಯರಿಗೆ ಹತ್ತಲು, ಇಳಿಯಲು ಆಗ್ತದೋ ಇಲ್ಲೋ ಅಲ್ಲೇ ಗೊತ್ತಾಗ್ತದ.

2. ಕಾಗದ: ಗ್ಯಾರೇಜ್‌ಗಿಂತ ಮೊದಲು ಆರ್‌ಟಿಒ

ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಕೇಂದ್ರ ಸರಕಾರದ ಪಟ್ಟಿಯಲ್ಲಿ ನಾನ್-ಟ್ರಾನ್ಸ್‌ಪೋರ್ಟ್ ವಾಹನ. ಬಾಡಿಗೆಗೆ ಓಡಿಸುವುದಾದರೆ ಅದು ಟ್ರಾನ್ಸ್‌ಪೋರ್ಟ್ ವಾಹನ: ಹಳದಿ ನಂಬರ್ ಪ್ಲೇಟ್, ಪರ್ಮಿಟ್, ಫಿಟ್‌ನೆಸ್ ಎಲ್ಲಾ ಬೇಕು. ಬಿಳಿ ಪ್ಲೇಟ್ ಗಾಡಿಯನ್ನು "ಗೆಳೆಯರಿಗೆ ಕೊಟ್ಟೀನಿ" ಅಂತ ಬಾಡಿಗೆಗೆ ಬಿಟ್ಟು ಅಪಘಾತ ಆದರೆ ವಿಮೆ ಕೈ ಕೊಡುತ್ತದೆ. ಬಾಡಿಗೆ ಗಾಡಿ ತಗೊಂಡು ಕೊಲ್ಲಾಪುರ, ಸಾಂಗಲಿ ಕಡೆ ಹೋಗುವವರು ಅದಕ್ಕೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಅಂತ ಮೊದಲೇ ಕೇಳ್ರಿ.

ಮೋಟರು ಕ್ಯಾರವಾನ್ ಹೇಗೆ ಕಟ್ಟಬೇಕು ಅನ್ನೋದಕ್ಕೆ ಎಐಎಸ್-124 ಅನ್ನುವ ಮಾನದಂಡ ಇದೆ. ತಯಾರಾದ ಗಾಡಿ ತಗೊಂಡರೆ ಅದರ ಪ್ರಕಾರ ಆದ ಸರ್ಟಿಫಿಕೇಟ್ ಕೇಳ್ರಿ. ನಿಮ್ಮದೇ ಗಾಡಿ ಬದಲಾಯಿಸೋದಿದ್ದರೆ ಮೋಟರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಸೀಟು ಕಿತ್ತು, ಬಾಡಿ ಕತ್ತರಿಸಿ ಆಮೇಲೆ ಹೋದರೆ ಆಗಂಗಿಲ್ಲ. 2019ರ ತಿದ್ದುಪಡಿ ಪ್ರಕಾರ ಒಪ್ಪಿಗೆ ಇಲ್ಲದೆ ಗಾಡಿ ಬದಲಾಯಿಸಿದ ಮಾಲಕರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಪ್ಪಿಗೆ ಸಿಕ್ಕ ಬದಲಾವಣೆಯನ್ನು ವಿಮಾ ಕಂಪನಿಗೂ ಬರೆದು ಕೊಡ್ರಿ.

ನಮ್ಮದು ಗಡಿ ಭಾಗ. ಎಂಎಚ್-09, ಎಂಎಚ್-10 ನಂಬರಿನ ಹಳೇ ಗಾಡಿ ಸೋವಿ ಸಿಕ್ತು ಅಂತ ತರುವವರು ಬಹಳ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ತಗೊಳ್ಳಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ಎನ್‌ಒಸಿ ಕೈಗೆ ಬಾರದೆ ಪೂರ್ತಿ ರೊಕ್ಕ ಕೊಡಬ್ಯಾಡ್ರಿ. ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಮೊದಲೇ ಕೇಳಿಕೊಂಡು ಗಾಡಿಯ ಬೆಲೆಗೆ ಕೂಡಿಸಿ ನೋಡ್ರಿ.

ಲೈಸೆನ್ಸ್ ವಿಷಯ: ಒಟ್ಟು ತೂಕ 7,500 ಕೆಜಿವರೆಗಿನ ಗಾಡಿ ಓಡಿಸಲು ಎಲ್‌ಎಂವಿ ಲೈಸೆನ್ಸ್ ಸಾಕು. ಆ ತೂಕದೊಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೂ ಇದೇ ಲೈಸೆನ್ಸ್ ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಬಸ್ಸಿನ ಗಾತ್ರದ ಗಾಡಿಗೆ ಮಾತ್ರ ಹೆವಿ ಲೈಸೆನ್ಸ್ ಇದ್ದ ಡ್ರೈವರ್ ಬೇಕು.

ಇನ್ನೊಂದು ಮಾತು. ಗೂಡ್ಸ್ ಗಾಡಿಗೆ ತಾಡಪಾಲ ಕಟ್ಟಿ, ಕೆಳಗೆ ಗಾದಿ ಹಾಸಿ ಯಲ್ಲಮ್ಮನ ಗುಡ್ಡಕ್ಕೆ ಹೋಗೋದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಗೂಡ್ಸ್ ಗಾಡಿಯಲ್ಲಿ ಪುಕ್ಕಟೆ ಕೂತು ಹೋಗುವವರಿಗೆ ಪರಿಹಾರ ಕೊಡುವ ಜವಾಬ್ದಾರಿ ವಿಮಾ ಕಂಪನಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಜೀವವೂ ಹೋಗಿ, ಮನೆಯೂ ಮಾರಬೇಕಾದ ಪರಿಸ್ಥಿತಿ ತಂದುಕೊಳ್ಳಬ್ಯಾಡ್ರಿ.

3. ತೂಕ: ಕಬ್ಬಿನ ಕಾಟಾ ಪಾಠ

ನಮ್ಮ ರೈತರಿಗೆ ತೂಕದ ಪಾಠ ಹೇಳೋದೇ ಬ್ಯಾಡ. ತುಂಬಿದ ಟ್ರ್ಯಾಲಿ ಎಷ್ಟು, ಖಾಲಿ ಎಷ್ಟು, ಎಲ್ಲಾ ಬಾಯಿಪಾಠ. ಅದೇ ಲೆಕ್ಕ ಇಲ್ಲಿಯೂ. ಗಾಡಿಯ ಒಳಗಿನ ಕೆಲಸ ಮುಗಿದ ಮೇಲೆ ಡೀಸೆಲ್ ತುಂಬಿಸಿ, ಯಾವುದಾದರೂ ವೇಬ್ರಿಜ್‌ನಲ್ಲಿ ಒಂದು ಸಲ ಕಾಟಾ ಮಾಡಿಸ್ರಿ.

ಉದಾಹರಣೆಗೆ, ಆರ್‌ಸಿಯಲ್ಲಿ ಒಟ್ಟು ತೂಕದ ಮಿತಿ 4,000 ಕೆಜಿ ಅಂತ ಇಟ್ಟುಕೊಳ್ಳೋಣ. ಕಾಟಾದಲ್ಲಿ ಖಾಲಿ ಗಾಡಿ 3,250 ಕೆಜಿ ಬಂತು. ಉಳಿದದ್ದು 750 ಕೆಜಿ. 8 ಜನ, ಒಬ್ಬರಿಗೆ 60 ಕೆಜಿ ಹಿಡಿದರೆ 480. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, 150 ಲೀಟರ್ ಟಾಕಿಗೆ 150 ಕೆಜಿ. ಬ್ಯಾಗು, ಪಾತ್ರೆ, ರೇಷನ್ ಕೂಡಿ 150. ಒಟ್ಟು 780 ಆಯ್ತು. ಅಂದರೆ 30 ಕೆಜಿ ಹೆಚ್ಚಾಯಿತು.

ತೂಕ ಹೆಚ್ಚಾದರೆ ಮೊದಲು ಕೈ ಕೊಡೋದು ಬ್ರೇಕು, ಆಮೇಲೆ ಟಯರು. ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಇಳಿಯುವಾಗ ಇದು ಗೊತ್ತಾಗುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಹಾಕ್ರಿ. ಬ್ರೇಕ್ ಒತ್ತಿಯೇ ಹಿಡಿದುಕೊಂಡರೆ ಕಾದು ಹಿಡಿತ ಬಿಡುತ್ತದೆ. ನ್ಯೂಟ್ರಲ್ ಮಾಡಿ ಇಳಿಸೋದಂತೂ ಬ್ಯಾಡೇ ಬ್ಯಾಡ. ರಾಧಾನಗರಿ-ಫೋಂಡಾ ಘಾಟ್, ಅಂಬೋಲಿ ಘಾಟ್ ಕಡೆ ಹೋಗುವವರಿಗೂ ಇದೇ ಮಾತು.

ಸೆಕೆಂಡ್ ಹ್ಯಾಂಡ್ ಗಾಡಿಯ ಟಯರ್ ಹೊಳಪು ನೋಡಿ ಮೋಸ ಹೋಗಬ್ಯಾಡ್ರಿ. ಟಯರ್ ಬಾಜು 4 ಅಂಕಿ ಇರುತ್ತವೆ. 3219 ಅಂದ್ರೆ 2019ರ 32ನೇ ವಾರ ತಯಾರಾದದ್ದು. ನಿಂತೇ ಹಳೇದಾದ ಟಯರ್ ಬದಲಾಯಿಸ್ರಿ. ಗಾಡಿ ಓಡುವಾಗ ಯಾರೂ ಮಂಚದ ಮೇಲೆ ಮಲಗಬಾರದು. ಎಲ್ಲರೂ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು ಕೂಡಬೇಕು.

4. ಗಾಳಿ: ಇದರಲ್ಲಿ ಮಾತ್ರ ತಪ್ಪಬ್ಯಾಡ್ರಿ

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರ ಹತ್ತಿರ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಅಪಘಾತ ಇಲ್ಲ, ಬೆಂಕಿ ಇಲ್ಲ. ಎಸಿಗಾಗಿ ಹಚ್ಚಿದ ಜನರೇಟರ್ ಹೊಗೆ ಕೆಳಗಿನಿಂದ ಒಳಗೆ ನುಗ್ಗಿತ್ತು ಅಂತ ಆಮೇಲೆ ತಜ್ಞರ ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರ ಆಗೋದೇ ಇಲ್ಲ.

ಈ ಸುದ್ದಿ ಓದಿದಾಗ ನನಗೆ ಒಂದು ಹಳೇ ರಾತ್ರಿ ನೆನಪಾಯಿತು. ಸಂಬಂಧಿಕರ ಜೊತೆ ಬಾಡಿಗೆ ಗಾಡಿಯಲ್ಲಿ ಹೋಗಿದ್ದೆ. ಎಸಿ ಹಚ್ಚಿ, ಕಿಟಕಿ ಮುಚ್ಚಿ, ಜನರೇಟರ್ ಚಾಲೂ ಇಟ್ಟು ಮಲಗಿದ್ದೆವು. ನಡುರಾತ್ರಿ ಅಜ್ಜಿ "ಉಸಿರು ಕಟ್ಟಿದಂಗ ಆಗಾಕತ್ತೈತಿ" ಅಂತ ಎದ್ದು ಬಾಗಿಲು ತೆಗೆದಳು. ನಾವೆಲ್ಲ ಆಕೆಗೇ ಬೈದೆವು. ಬೆಳಿಗ್ಗೆ ಎಲ್ಲರಿಗೂ ತಲೆನೋವು, ವಾಕರಿಕೆ. ಪ್ರಯಾಣದ ದಣಿವು ಅಂದುಕೊಂಡು ಚಹಾ ಕುಡಿದು ಸುಮ್ಮನಾದೆವು. ಏನಾಗಿತ್ತೋ ಯಾರೂ ಪರೀಕ್ಷೆ ಮಾಡಲಿಲ್ಲ. ಆದರೆ ಅಂದು ಅಜ್ಜಿ ಬಾಗಿಲು ತೆಗೆದದ್ದು ಛಲೋ ಆಯ್ತು ಅಂತ ಈಗ ಅನಸ್ತದ.

ಹಿಂಗಾಗಿ ನಿಯಮ ಇಷ್ಟು:

- ಮಲಗುವಾಗ ಎಂಜಿನ್ ಬಂದ್, ಜನರೇಟರ್ ಬಂದ್.
- ಎರಡು ಬದಿ ಕಿಟಕಿ ಸ್ವಲ್ಪ ತೆರೆದಿರಲಿ. ಸೊಳ್ಳೆ ಪರದೆ ಹಾಕ್ರಿ.
- ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಮಲಗುವ ಜಾಗದ ಹತ್ತಿರ ಹಚ್ಚಿಸ್ರಿ.
- ಗಾಡಿಯ ತಳದಲ್ಲಿ ವೈರ್, ಪೈಪ್‌ಗೆ ಕೊರೆದ ತೂತು ಪೂರ್ತಿ ಮುಚ್ಚಿಸ್ರಿ.
- ಒಬ್ಬರಿಗಿಂತ ಹೆಚ್ಚು ಮಂದಿಗೆ ಒಮ್ಮೆಲೇ ತಲೆನೋವು ಬಂದರೆ ಎಲ್ಲರೂ ಹೊರಗೆ ಬಂದು 108ಕ್ಕೆ ಫೋನ್ ಮಾಡ್ರಿ.

ಗ್ಯಾಸ್ ವಿಷಯವೂ ಹಂಗೇ. 2023ರ ಆಗಸ್ಟ್ 26ರಂದು ಮದುರೈನಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯಲ್ಲಿ ಅಡುಗೆ ಸಿಲಿಂಡರ್‌ನಿಂದ ಬೆಂಕಿ ಹತ್ತಿ 9 ಜನ ತೀರಿಕೊಂಡರು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಂಗಿಲ್ಲ, ಗಾಡಿಯ ನೆಲದ ಮೇಲೆ ಕೂಡುತ್ತದೆ. ಸಾಧ್ಯವಾದಷ್ಟು ಗಾಡಿಯಿಂದ ಕೆಳಗಿಳಿದು, ಬಯಲಲ್ಲಿ ಅಡುಗೆ ಮಾಡ್ರಿ. ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡ್ರಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ ಇರಲಿ, ಮಂಚದ ಕೆಳಗೆ ಬ್ಯಾಡ. ಹಿಂದಿನ ತುರ್ತು ಬಾಗಿಲಿಗೆ ಕಪಾಟು ಅಡ್ಡ ಇಡಬ್ಯಾಡ್ರಿ.

5. ಕರೆಂಟು, ನೀರು, ಸಂಡಾಸ

"ಬ್ಯಾಟರಿ ಮೇಲೆ ಎಸಿ ರಾತ್ರಿಪೂರ್ತಿ ನಡೀತದ" ಅಂತ ಹೇಳಿದರೆ ನಂಬುವ ಮುಂಚೆ ಲೆಕ್ಕ ಹಾಕ್ರಿ. ಮನೆಯ ಇನ್ವರ್ಟರ್‌ನ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬ್ಯಾಟರಿ ಬೇಗ ಕೆಡುತ್ತದೆ. ಅಂದರೆ ಕೈಗೆ ಸಿಗೋದು 900. 20 ವ್ಯಾಟ್‌ನ ಎರಡು ಫ್ಯಾನ್ 8 ತಾಸಿಗೆ 320, ದೀಪ, ಮೊಬೈಲ್ ಕೂಡಿ 200. ಇದು ಆರಾಮ ನಡೆಯುತ್ತದೆ. 1,500 ವ್ಯಾಟ್ ಎಳೆಯುವ ಎಸಿ ಹಚ್ಚಿದರೆ ಮುಕ್ಕಾಲು ತಾಸೂ ಬರಂಗಿಲ್ಲ.

ಕುಡಿಯುವ ನೀರು ಬೇರೆ ಕ್ಯಾನ್‌ನಲ್ಲಿ ಇರಲಿ. ಸಂಡಾಸದ ಡಬ್ಬಿಯನ್ನು ಸೆಪ್ಟಿಕ್ ಟ್ಯಾಂಕ್ ಇದ್ದ ಶೌಚಾಲಯದಲ್ಲಿ, ಅಲ್ಲಿಯವರನ್ನು ಕೇಳಿಯೇ ಖಾಲಿ ಮಾಡ್ರಿ. ಕಾಲುವೆಗೆ, ಕೃಷ್ಣಾ ಹೊಳೆಗೆ ಸುರಿಯಬ್ಯಾಡ್ರಿ. ಅದೇ ನೀರು ನಾವೇ ಕುಡಿಯೋದು.

6. ದಾರಿ ಮತ್ತು ರಾತ್ರಿ ವಸ್ತಿ

ಗಾಡಿಯ ಎತ್ತರ, ಅಗಲ ಎಷ್ಟು ಮೀಟರ್ ಅಂತ ಬರೆದು ಸ್ಟೇರಿಂಗ್ ಎದುರು ಅಂಟಿಸ್ರಿ. ಮೇಲೆ ಎಸಿ, ಸೋಲಾರ್ ಹಚ್ಚಿದ್ದರೆ ಅದನ್ನೂ ಕೂಡಿಸಿ ಅಳೀರಿ. ರೈಲ್ವೆ ಅಂಡರ್‌ಪಾಸ್ ಬೋರ್ಡ್ ನೋಡಿದಾಗ ಲೆಕ್ಕ ಹಾಕುತ್ತಾ ಕೂಡೋದು ತಪ್ಪುತ್ತದೆ. ಪೇಟೆ ಓಣಿಗಳಲ್ಲಿ ಜೋತುಬಿದ್ದ ವೈರ್ ನೋಡಿಕೊಳ್ರಿ.

ಮಳೆಗಾಲದಲ್ಲಿ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಅಕ್ಕೋಳ-ಸಿದ್ನಾಳ, ಜತ್ರಾಟ-ಭೀವಶಿ ಸೇತುವೆಗಳು ಮುಳುಗೋದು ಹೊಸದಲ್ಲ. 2019 ಮತ್ತು 2021ರಲ್ಲಿ ಯಮಗರ್ಣಿ ಹತ್ತಿರ ಹೆದ್ದಾರಿಯೇ ಬಂದ್ ಆಗಿತ್ತು. "ಗಾಡಿ ಎತ್ತರ ಐತಿ, ದಾಟ್ತದ" ಅನ್ನಬ್ಯಾಡ್ರಿ. ದೊಡ್ಡ ಗಾಡಿಗೆ ಹರಿಯುವ ನೀರು ತಾಗುವ ಜಾಗವೂ ದೊಡ್ಡದು.

ಕಬ್ಬಿನ ಹಂಗಾಮಿನಲ್ಲಿ ಅಥಣಿ, ಕಾಗವಾಡ, ಉಗಾರ ಕಡೆಯ ರಸ್ತೆಯಲ್ಲಿ ರಾತ್ರಿ ಎರಡೆರಡು ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರ್ ಇರುತ್ತವೆ. ಎಷ್ಟೋ ಟ್ರ್ಯಾಲಿಗಳ ಹಿಂದೆ ದೀಪ ಇರಂಗಿಲ್ಲ. ಕತ್ತಲಾದ ಮೇಲೆ ಓಡಿಸಬ್ಯಾಡ್ರಿ. ಗಾಡಿಯಲ್ಲೇ ಮನೆ ಇರುವಾಗ ರಾತ್ರಿ ಓಡಿಸೋ ಅವಸರವಾದರೂ ಯಾಕ? 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಟೆಂಪೋ ಟ್ರಾವೆಲರ್ ನಿಂತ ಲಾರಿಗೆ ಬಡಿದು 13 ಜನ ಹೋದರು.

ನೀವೂ ಹೆದ್ದಾರಿ ಬದಿ ನಿಲ್ಲಿಸಿ ಮಲಗಬ್ಯಾಡ್ರಿ. ದೇವಸ್ಥಾನದ ಪಾರ್ಕಿಂಗ್, ಯಾತ್ರಿ ನಿವಾಸದ ಆವಾರ, ದೊಡ್ಡ ಧಾಬಾ, ಪೆಟ್ರೋಲ್ ಪಂಪ್ ಇಂಥಲ್ಲಿ ಕೇಳಿ ನಿಲ್ಲಿಸ್ರಿ. ಕತ್ತಲಾಗುವ ಒಂದು ತಾಸು ಮುಂಚೆ ಜಾಗ ಹಿಡೀರಿ. ಮೂತಿ ರಸ್ತೆ ಕಡೆ ಇರಲಿ, ತುರ್ತಿಗೆ ಸೀದಾ ಹೊರಡಬಹುದು.

ಹೊರಡುವ ಮುಂಚೆ 8 ಮಾತು

1. ಆರ್‌ಸಿ, ವಿಮೆ, ಎಮಿಷನ್, ಲೈಸೆನ್ಸ್ (ಬಾಡಿಗೆ ಗಾಡಿಯಾದರೆ ಪರ್ಮಿಟ್, ಫಿಟ್‌ನೆಸ್)
2. ಫಾಸ್ಟ್ಯಾಗ್ ನಿಮ್ಮ ಗಾಡಿಯ ವರ್ಗಕ್ಕೆ ಸರಿ ಇದೆಯೇ? ಕೊಗನೊಳ್ಳಿ ಟೋಲ್‌ನಲ್ಲಿ ನಿಂತು ಜಗಳ ಬ್ಯಾಡ
3. ಟಯರ್ ಗಾಳಿ, ಸ್ಟೆಪ್ನಿ, ಗಾಡಿಯ ತೂಕ ತಡೆಯುವ ಜಾಕ್
4. ಗ್ಯಾಸ್ ಬಂದ್
5. ಅಲಾರ್ಮ್ ಚಾಲೂ
6. ಕಪಾಟು, ಫ್ರಿಜ್ ಬಾಗಿಲಿಗೆ ಚಿಲಕ
7. ಹಿರಿಯರ ಔಷಧಿ ಕೈಗೆ ಸಿಗುವಂತೆ
8. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033

ಇಷ್ಟು ಬರೆದು ಗಾಡಿಯ ಬಾಗಿಲ ಒಳಗೆ ಅಂಟಿಸ್ರಿ. ಗಾಡಿ ತೋರಿಸುವವರು ಮೊದಲು ಮಂಚ ತೋರಿಸ್ತಾರ. ನೀವು ಮೊದಲು ಆರ್‌ಸಿ ಕೇಳ್ರಿ, ಆಮೇಲೆ ಕಾಟಾ ಚೀಟಿ, ಆಮೇಲೆ ಕೆಳಗೆ ಬಗ್ಗಿ ಜನರೇಟರ್ ಎಲ್ಲಿ ಕೂಡಿಸ್ಯಾರ ನೋಡ್ರಿ. ಮಂಚ ಕಡೀಕ.