ಮಧ್ಯ-ಎಂಜಿನ್ ಕಿಟ್ ಕಾರಿನ ಪುನರುಜ್ಜೀವನ

ಬಿಡಿಭಾಗಗಳ ರೂಪದಲ್ಲಿ ಕೊಂಡು, ಬೇರೊಂದು ಕಾರಿನ ಎಂಜಿನ್ನನ್ನು ಆಸನಗಳ ಹಿಂದೆ, ಹಿಂದಿನ ಆಕ್ಸಲ್‌ಗೆ ಮುಂದಾಗಿ ಕೂರಿಸಿ ಕಟ್ಟಿದ ಕಾರನ್ನು ಹಲವು ವರ್ಷಗಳ ಶ್ರಮದಿಂದ ಮತ್ತೆ ಓಡುವಂತೆ ಮಾಡುವ ಕೆಲಸವೇ ಮಧ್ಯ-ಎಂಜಿನ್ ಕಿಟ್ ಕಾರಿನ ಪುನರುಜ್ಜೀವನ. ಕಿಟ್ ಕಾರಿನ ಪರಂಪರೆ ಮುಖ್ಯವಾಗಿ ಬ್ರಿಟನ್ ಮತ್ತು ಅಮೆರಿಕದ್ದು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ನಿದರ್ಶನವೆಂದರೆ, ಎಂಜಿನ್ ಮುಂಭಾಗದಲ್ಲೇ ಇದ್ದರೂ ಫೈಬರ್‌ಗ್ಲಾಸ್ ಬಾಡಿ ಹೊಂದಿದ್ದ, ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ಹೊರತಂದ 848 ಸಿಸಿ ಡಾಲ್ಫಿನ್.

ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಈ ಕೆಲಸಕ್ಕೆ ವಿಶೇಷ ಎಚ್ಚರ ಬೇಕು. ಫೈಬರ್‌ಗ್ಲಾಸ್ ಬಾಡಿಯ ದುರಸ್ತಿಯಲ್ಲಿ, ಗಾಜಿನ ಎಳೆಗಳ ಹಾಸನ್ನು ಬಂಧಿಸುವ ಪಾಲಿಯೆಸ್ಟರ್ ರಾಳ ಸೆಕೆಗೆ ಬೇಗನೆ ಗಟ್ಟಿಯಾಗುವುದರಿಂದ, ಗಟ್ಟಿಕಾರಕವನ್ನು ತಯಾರಕರು ಸೂಚಿಸಿದ ಮಿತಿಯೊಳಗೇ ಕಡಿಮೆ ಬೆರೆಸಿ, ಬೆಳಗಿನ ತಂಪಿನಲ್ಲಿ ನೆರಳಿನಲ್ಲೇ ಪದರ ಹಾಕುವುದು ಉತ್ತಮ. ಅವಸರಪಟ್ಟರೆ ಒಳಶಾಖದಿಂದ ಪದರ ಬಿರಿಯಬಹುದು. ಫೈಬರ್‌ಗ್ಲಾಸ್ ವಿದ್ಯುತ್ತನ್ನು ಹರಿಸದ ಕಾರಣ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ತಂತಿ ಎಳೆಯಬೇಕಾಗುತ್ತದೆ. ಎಂಜಿನ್ ಹಿಂದಿದ್ದು ರೇಡಿಯೇಟರ್ ಮುಂದಿರುವ ಕಾರುಗಳಲ್ಲಿ ನೀರು ಉದ್ದನೆಯ ಕೊಳವೆಗಳಲ್ಲಿ ಹರಿಯುವುದರಿಂದ, ಅವುಗಳಲ್ಲಿ ಗಾಳಿ ಸಿಲುಕಿ ಎಂಜಿನ್ ಅತಿಯಾಗಿ ಕಾಯುವುದೇ ದೊಡ್ಡ ಅಪಾಯ. ಬಾಡಿ ಹೊಳೆಯುವುದಕ್ಕಿಂತ ಮೊದಲು ಇದನ್ನು ಸರಿಪಡಿಸುವುದೇ ವಿವೇಕ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಬೇರೆ ಎಂಜಿನ್ ಜೋಡಿಸುವ ಮುನ್ನವೇ ಕೆಎ-33 ಸಂಕೇತದ ಯಾದಗಿರಿ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.